ಅನ್ವರ್ ಅಲಿಯ ಹೃದಯ

ಫುಟ್‌ಬಾಲ್ ಆಟಗಾರ ಅನ್ವರ್ ಅಲಿಯ ಹೆಸರು ಹೇಳಿದರೆ ನಮ್ಮ ಶೆಟ್ಟಿಹಳ್ಳಿಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಇಲ್ಲಿ ಖಾಲಿ ಸೈಟೊಂದು ಕಂಡರೆ ಸಾಕು, ಹುಡುಗರು ಇಟ್ಟಿಗೆ ನಿಲ್ಲಿಸಿ ಕ್ರಿಕೆಟ್ ಶುರು ಮಾಡುತ್ತಾರೆ. ನಾನು ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹೈಸ್ಕೂಲುಗಳಲ್ಲಿ ಡ್ರಿಲ್ ಮೇಷ್ಟ್ರಾಗಿ ಸೀಟಿ ಊದಿ ನಿವೃತ್ತನಾದವನು. ಫುಟ್‌ಬಾಲ್ ನನ್ನ ಹಳೇ ಹುಚ್ಚು. ಅನ್ವರನ ಆಟದ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಹೇಳಹೊರಟಿರುವುದು ಅವನ ಹೃದಯದ ವಿಚಾರ. ಅವನಲ್ಲಿ ಸಿಕ್ಕ ಕಾಯಿಲೆ ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡುವ ಹುಡುಗನಿಗೂ ಇರಬಹುದು. ಇದ್ದರೂ ನಮಗೆ ಗೊತ್ತಾಗುವುದಿಲ್ಲ, ಅಷ್ಟೇ.

ಅನ್ವರ್ ಪಂಜಾಬಿನ ಜಲಂಧರ್ ಜಿಲ್ಲೆಯ ಆದಂಪುರದ ಕಡೆಯ ಬಡ ಮನೆಯ ಹುಡುಗ. ಹುಟ್ಟಿದ್ದು 2000ದಲ್ಲಿ. 2017ರಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ಭಾರತದಲ್ಲೇ ನಡೆದಾಗ ನಮ್ಮ ತಂಡದ ಡಿಫೆನ್ಸಿನಲ್ಲಿ ಅವನಿದ್ದ. ಮರುವರ್ಷ ಸ್ಪೇನಿನ ಕೋಟಿಫ್ ಟೂರ್ನಿಯಲ್ಲಿ ಭಾರತದ 20 ವರ್ಷದೊಳಗಿನವರ ತಂಡ ಅರ್ಜೆಂಟೀನಾವನ್ನು 2–1ರಿಂದ ಸೋಲಿಸಿತಲ್ಲ, ಅದರಲ್ಲಿ ಎರಡನೇ ಗೋಲು ಅನ್ವರನ ಫ್ರೀ ಕಿಕ್. ಹತ್ತು ಜನರಲ್ಲಿ ಆಡುತ್ತಾ ಅರ್ಜೆಂಟೀನಾವನ್ನು ಸೋಲಿಸಿದ ಹುಡುಗರು ಅವರು. 2019ರಲ್ಲಿ ಅವನು ಮುಂಬೈ ಸಿಟಿ ಕ್ಲಬ್ಬಿನಲ್ಲಿದ್ದ. ಸೀಸನ್ನಿಗೆ ಮೊದಲು ಆಟಗಾರರ ಮೈ ತಪಾಸಣೆ ಮಾಡಿಸುವುದು ದೊಡ್ಡ ಕ್ಲಬ್ಬುಗಳ ಪದ್ಧತಿ. ಕಾಯಿಲೆ ಸಿಕ್ಕಿಬಿದ್ದದ್ದು ಆ ತಪಾಸಣೆಯಲ್ಲಿ. ಆಗ ಅವನ ವಯಸ್ಸು 19. ಉಸಿರು ಕಟ್ಟಿರಲಿಲ್ಲ, ತಲೆ ಸುತ್ತಿರಲಿಲ್ಲ, ಮೈದಾನದಲ್ಲಿ ಬಿದ್ದಿರಲೂ ಇಲ್ಲ.

ಕಾಯಿಲೆಯ ಹೆಸರು ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪತಿ. ಹೃದಯದ ಸ್ನಾಯು, ಬಿ.ಪಿ.ಯಂಥ ಯಾವ ಕಾರಣವೂ ಇಲ್ಲದೆ, ದಪ್ಪಗಾಗುವುದು. ರಕ್ತನಾಳ ಕಟ್ಟಿಕೊಂಡು ಬರುವ ಹಾರ್ಟ್ ಅಟ್ಯಾಕೇ ಬೇರೆ, ಇದೇ ಬೇರೆ. ಹೃದಯದ ಎಡ ಕೆಳಕೋಣೆಯ ಗೋಡೆ ದೊಡ್ಡವರಲ್ಲಿ ಸಾಮಾನ್ಯವಾಗಿ 12 ಮಿಲಿಮೀಟರಿನ ಒಳಗೇ ಇರುತ್ತದೆ. 15 ಮುಟ್ಟಿತೆಂದರೆ ಡಾಕ್ಟರುಗಳು ಈ ಕಾಯಿಲೆಯನ್ನು ಸಂಶಯಿಸುತ್ತಾರೆ. ಬರೀ ದಪ್ಪವಾದರೆ ಅಷ್ಟು ಹೆದರಬೇಕಿರಲಿಲ್ಲ. ಸ್ನಾಯುವಿನ ಎಳೆಗಳು ಸಾಲಾಗಿ ಕೂರದೆ ಅಡ್ಡಾದಿಡ್ಡಿ ಬೆಳೆದಿರುತ್ತವೆ, ನಡುನಡುವೆ ಮಾಸಿದ ಗಾಯದಂತೆ ಗಟ್ಟಿಯಾಗಿರುತ್ತವೆ. ಹೃದಯವನ್ನು ಬಡಿಸುವ ವಿದ್ಯುತ್ತು ಅಲ್ಲಿ ದಾರಿ ತಪ್ಪಿ ಸುತ್ತತೊಡಗಿದರೆ ಕೆಳಕೋಣೆಗಳು ಬಡಿಯುವುದು ಬಿಟ್ಟು ಬರೀ ನಡುಗುತ್ತವೆ. ರಕ್ತ ಮುಂದಕ್ಕೆ ಹೋಗುವುದಿಲ್ಲ. ಕೆಲವೇ ಸೆಕೆಂಡಿನಲ್ಲಿ ಮನುಷ್ಯ ಕುಸಿಯುತ್ತಾನೆ. ಸುಮಾರು 500 ಜನಕ್ಕೆ ಒಬ್ಬರಲ್ಲಿ ಇರುವ ಕಾಯಿಲೆ ಇದು. ಹೆಚ್ಚಾಗಿ ವಂಶದಲ್ಲಿ ಬರುವಂಥದ್ದು. ಅಪ್ಪನಲ್ಲೋ ಅಮ್ಮನಲ್ಲೋ ಅದರ ದೋಷವಿದ್ದರೆ ಮಗುವಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಆದರೆ ಇದೇ ಕಾಯಿಲೆ ಇಟ್ಟುಕೊಂಡು ಏನೂ ಆಗದೆ ಮೊಮ್ಮಕ್ಕಳನ್ನು ಕಂಡವರೂ ಎಷ್ಟೋ ಮಂದಿ.

ಇನ್ನೊಂದು ಗೊಂದಲವಿದೆ. ವರ್ಷಗಟ್ಟಲೆ ಓಡಿದವನ ಹೃದಯ ತರಬೇತಿಯಿಂದಲೇ ಸ್ವಲ್ಪ ದಪ್ಪಗಾಗುತ್ತದೆ. ಗೋಡೆ 13, 14 ಮಿಲಿಮೀಟರ್ ಬಂದರೆ ಅದು ಕಸರತ್ತಿನ ಫಲವೋ ಕಾಯಿಲೆಯೋ ಎಂದು ತಜ್ಞರೂ ತಲೆ ಕೆರೆದುಕೊಳ್ಳುತ್ತಾರೆ. ಕೆಲವೊಮ್ಮೆ ತಿಂಗಳುಗಟ್ಟಲೆ ಆಟ ಬಿಡಿಸಿ ಮತ್ತೆ ಅಳೆದು ನೋಡುತ್ತಾರೆ. ಕಸರತ್ತಿನದಾದರೆ ಇಳಿಯುತ್ತದೆ.

ಅನ್ವರನದು ಇಳಿಯುವ ಜಾತಿಯದಲ್ಲ. 2020ರಲ್ಲಿ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ಸೇರಿದ. ಆದರೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಅವನನ್ನು ಆಡಿಸಬೇಡಿ ಎಂದಿತು. ಅದರ ವೈದ್ಯಕೀಯ ಸಮಿತಿಯ ಆಗಿನ ಮುಖ್ಯಸ್ಥರು ಡಾ. ವೇಸ್ ಪೇಸ್. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಹಾಕಿ ಕಂಚು ಗೆದ್ದವರು, ಟೆನಿಸ್ ಆಟಗಾರ ಲಿಯಾಂಡರನ ತಂದೆ. ಆಟವೂ ವೈದ್ಯವೂ ಎರಡೂ ಗೊತ್ತಿದ್ದ ಮನುಷ್ಯ. ಹುಡುಗ ಆಡುತ್ತಾ ಸತ್ತರೆ ಹೊಣೆ ಯಾರು ಎಂಬ ಅವರ ಹೆದರಿಕೆಯನ್ನು ಸುಳ್ಳು ಅನ್ನುವ ಹಾಗಿಲ್ಲ. ಅನ್ವರ್ ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದ. ಅವನ ಕಡೆಯದೂ ಸರಳವಾದ ಮಾತು: ಆಟ ಬಿಟ್ಟರೆ ತನಗೆ ಬೇರೆ ಕಸುಬಿಲ್ಲ, ಗಂಡಾಂತರ ತಿಳಿದೇ ಆಡುತ್ತೇನೆ.

ನಾನು ಆ ಸಮಿತಿಯಲ್ಲಿದ್ದಿದ್ದರೆ? ಆಡಬೇಡ ಎಂದೇ ಹೇಳುತ್ತಿದ್ದೆ. ಆದರೆ ನನಗೆ ತಿಂಗಳ ಕೊನೆಗೆ ಸಂಬಳ ಬರುತ್ತಿತ್ತು, ಈಗ ಪಿಂಚಣಿ ಬರುತ್ತದೆ. ಹೊಟ್ಟೆ ತುಂಬಿದವನು ಹೇಳುವ ಬುದ್ಧಿಮಾತಿಗೆ ಎಷ್ಟು ಬೆಲೆಯೋ ಅಷ್ಟೇ.

2021ರಲ್ಲಿ ಅವನಿಗೆ ಮತ್ತೆ ಆಡುವ ಅವಕಾಶ ಸಿಕ್ಕಿತು. ಮೊದಲು ಡೆಲ್ಲಿ ಎಫ್‌ಸಿ, ಆಮೇಲೆ ಎಫ್‌ಸಿ ಗೋವಾ. 2022ರ ಮಾರ್ಚಿನಲ್ಲಿ ಬಹ್ರೇನ್ ವಿರುದ್ಧ ಭಾರತದ ಹಿರಿಯರ ತಂಡಕ್ಕೆ ಕಾಲಿಟ್ಟ. ಅದೇ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಹಾಂಕಾಂಗ್ ಎದುರು ಪಂದ್ಯ ಶುರುವಾದ ಎರಡನೇ ನಿಮಿಷಕ್ಕೇ ಗೋಲು ಹೊಡೆದ.

ನಾನು ಅವನನ್ನು ಕಣ್ಣಾರೆ ನೋಡಿದ್ದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ, 2023ರ ಜೂನ್ 27ರಂದು, ಸ್ಯಾಫ್ ಚಾಂಪಿಯನ್‌ಷಿಪ್‌ನ ಕುವೈತ್ ಪಂದ್ಯದಲ್ಲಿ. ಸುನಿಲ್ ಚೆಟ್ರಿ ಗೋಲಿನಿಂದ ಭಾರತ ಮುಂದಿತ್ತು. 90 ನಿಮಿಷ ಮುಗಿದು ಹೆಚ್ಚುವರಿ ಸಮಯ ನಡೆಯುತ್ತಿದ್ದಾಗ ಚೆಂಡು ಅನ್ವರನಿಗೆ ತಗುಲಿ ನಮ್ಮದೇ ಗೋಲಿನೊಳಕ್ಕೆ ಹೋಯಿತು. 1–1. ನನ್ನ ಹಿಂದಿನ ಸಾಲಿನವರು ಅವನ ವಂಶವನ್ನೇ ಜಾಲಾಡಿಬಿಟ್ಟರು. ನನಗೆ ಸಿಟ್ಟೇ ಬರಲಿಲ್ಲ. ಆಡಲೇಕೂಡದು ಅನ್ನಿಸಿಕೊಂಡಿದ್ದ ಹುಡುಗ 90 ನಿಮಿಷ ಓಡಿ, ಎಲ್ಲರ ಹಾಗೆ ಎಡವಟ್ಟು ಮಾಡಿ, ಎಲ್ಲರ ಹಾಗೆ ಬೈಸಿಕೊಳ್ಳುತ್ತಿದ್ದ. ಜುಲೈ 4ರ ಫೈನಲ್ಲಿನಲ್ಲಿ ಅದೇ ಕುವೈತನ್ನು ಭಾರತ ಪೆನಾಲ್ಟಿಗಳಲ್ಲಿ ಸೋಲಿಸಿತು.

ಆಡುತ್ತಲೇ ಜೀವ ಹೋದದ್ದನ್ನೂ ಅದೇ ಕಂಠೀರವ ಕಂಡಿದೆ. 2004ರ ಡಿಸೆಂಬರ್ 5ರಂದು ಅಲ್ಲಿ ಫೆಡರೇಷನ್ ಕಪ್ ಫೈನಲ್. ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ತನ್ನ ಎರಡನೇ ಗೋಲು ಹೊಡೆಯುವಾಗ ಮೋಹನ್ ಬಾಗಾನ್ ಗೋಲ್‌ಕೀಪರಿಗೆ ಡಿಕ್ಕಿಯಾಗಿ ಬಿದ್ದವನು ಮತ್ತೆ ಏಳಲಿಲ್ಲ. ಅಲ್ಲಿಂದ ಹೆಚ್ಚು ದೂರವಿಲ್ಲದ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ 2012ರ ಮಾರ್ಚ್ 21ರಂದು ಎ ಡಿವಿಷನ್ ಲೀಗ್ ಪಂದ್ಯ. ಬೆಂಗಳೂರು ಮಾರ್ಸ್ ತಂಡಕ್ಕೆ ಬದಲಿ ಆಟಗಾರನಾಗಿ ಇಳಿದಿದ್ದ ಡಿ. ವೆಂಕಟೇಶ್ ಆಟ ಮುಗಿಯುವ ಹೊತ್ತಿಗೆ ಕುಸಿದುಬಿದ್ದ. ಮೈದಾನದಲ್ಲಿ ಆಂಬುಲೆನ್ಸ್ ಇರಲಿಲ್ಲ. ಆಟೋದಲ್ಲಿ ಹಾಕಿಕೊಂಡು ಹೋದರು. ಉಳಿಯಲಿಲ್ಲ. ಅದಕ್ಕೆ ಸರಿಯಾಗಿ ನಾಲ್ಕು ದಿನ ಮೊದಲು ಲಂಡನ್ನಿನಲ್ಲಿ ಬೋಲ್ಟನ್ ತಂಡದ ಫ್ಯಾಬ್ರಿಸ್ ಮುವಾಂಬ ಹೀಗೇ ಬಿದ್ದಿದ್ದ. ಅವನ ಹೃದಯ ತಾನಾಗಿ ಬಡಿಯದೆ ನಿಂತದ್ದು 78 ನಿಮಿಷ. ಅಷ್ಟೂ ಹೊತ್ತು ಎದೆ ಒತ್ತಿದರು, ಶಾಕ್ ಕೊಟ್ಟರು. ಪ್ರೇಕ್ಷಕರ ನಡುವೆ ಇದ್ದ ಹೃದ್ರೋಗ ತಜ್ಞರೊಬ್ಬರು ಮೈದಾನಕ್ಕೆ ಇಳಿದು ಬಂದರು. ಮುವಾಂಬ ಬದುಕಿದ. ಆಟ ಬಿಡಬೇಕಾಯಿತು, ಜೀವ ಉಳಿಯಿತು. ನಮ್ಮ ವೆಂಕಟೇಶನಿಗೆ ಸಿಕ್ಕಿದ್ದು ಆಟೋ.

ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ 2021ರ ಜೂನ್ 12ರಂದು ಯೂರೊ ಪಂದ್ಯದ ನಡುವೆಯೇ ಬಿದ್ದಾಗಲೂ ಉಳಿಸಿದ್ದು ತಕ್ಷಣದ ಎದೆ ಒತ್ತುವಿಕೆ ಮತ್ತು ಒಂದು ಶಾಕ್. ಎದೆಯೊಳಗೆ ಶಾಕ್ ಕೊಡುವ ಪುಟ್ಟ ಯಂತ್ರ ಇರಿಸಿಕೊಂಡ. ಅದನ್ನಿಟ್ಟುಕೊಂಡು ಆಡಲು ಇಟಲಿ ಬಿಡಲಿಲ್ಲ, ಇಂಗ್ಲೆಂಡ್ ಬಿಟ್ಟಿತು. 2024ರ ಯೂರೊದಲ್ಲಿ ಸ್ಲೊವೇನಿಯಾ ವಿರುದ್ಧ ಗೋಲನ್ನೂ ಹೊಡೆದ.

ಇನ್ನು ನಮ್ಮ ಶಾಲೆ ಮೈದಾನಗಳ ಕಡೆ ಬರೋಣ. ಓಡುವ ಹುಡುಗ ಬಿದ್ದ ಎಂದರೆ ಮೊದಲು ನಡೆಯುವುದು ಮುಖಕ್ಕೆ ನೀರು, ಬಾಯಿಗೆ ಗ್ಲೂಕೋಸ್. ಹೃದಯ ನಿಂತವನ ಕೈಕಾಲು ಒಂದಷ್ಟು ಹೊತ್ತು ಅದುರುವುದುಂಟು. ಅದನ್ನು ಕಂಡು ಪಿಟ್ಸ್ ಬಂತು ಎಂದು ಯಾರೋ ಬೀಗದ ಕೈ ತಂದು ಮುಷ್ಟಿಗೆ ತುರುಕುತ್ತಾರೆ. ನಡುನಡುವೆ ಗೊರಕೆಯಂಥ ಒಂದೊಂದು ಉಸಿರು ಬರುತ್ತದೆ. ಉಸಿರಾಡ್ತಾ ಇದಾನೆ ಬಿಡಿ ಎಂದು ಸುಮ್ಮನಾಗುತ್ತಾರೆ. ಅದು ಉಸಿರಾಟವಲ್ಲ. ಕರೆದರೆ ಓಗೊಡದವನು, ಸರಿಯಾಗಿ ಉಸಿರಾಡದವನು ಕಂಡರೆ ಒಬ್ಬರು 108ಕ್ಕೆ ಫೋನ್ ಮಾಡಬೇಕು, ಇನ್ನೊಬ್ಬರು ಎದೆಯ ನಡುಮಧ್ಯೆ ಎರಡೂ ಅಂಗೈ ಊರಿ ಒತ್ತಲು ಶುರುಮಾಡಬೇಕು. ದೊಡ್ಡವರಿಗಾದರೆ ಎರಡು ಇಂಚು ಆಳ, ನಿಮಿಷಕ್ಕೆ 100ರಿಂದ 120 ಸಲ, ಆಂಬುಲೆನ್ಸ್ ಬರುವ ತನಕ ಬಿಡದೆ. ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ 7ರಿಂದ 10ರಷ್ಟು ಕರಗುತ್ತದೆ. ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಅವರ ಹೆಸರಿನಲ್ಲೇ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿದೆ. ಜನ ಸೇರುವ ಕಡೆ ಶಾಕ್ ಯಂತ್ರ ಇಡುವ ಮಾತೂ ಅದರಲ್ಲಿದೆ. ಕ್ರೀಡಾಕೂಟ ನಡೆಯುವ ಮೈದಾನವೂ ಜನ ಸೇರುವ ಕಡೆಯೇ ತಾನೇ?

ಬೀಳುವ ಮೊದಲೇ ಪತ್ತೆ ಮಾಡುವುದಾದರೆ ಕೇಳಬೇಕಾದ್ದು ಹೆಚ್ಚೇನಿಲ್ಲ. ಪ್ರಾರ್ಥನೆಯಲ್ಲಿ ಬಿಸಿಲಿಗೆ ನಿಂತು ತಲೆ ಸುತ್ತಿದವನ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಓಡುತ್ತಿರುವಾಗಲೇ ಪ್ರಜ್ಞೆ ತಪ್ಪಿದವನನ್ನು ಬಿಡಕೂಡದು. ಓಡಿದರೆ ಎದೆ ನೋಯುತ್ತದೆ ಅನ್ನುವವನನ್ನೂ ಅಷ್ಟೇ. ಆಮೇಲೆ ಮನೆಯಲ್ಲಿ ಚಿಕ್ಕ ವಯಸ್ಸಿಗೆ ದಿಢೀರ್ ಸತ್ತವರು ಇದ್ದಾರೆಯೇ ಎಂದು ಕೇಳಬೇಕು, ಅದೂ ಉಪಾಯವಾಗಿ. ಗುಬ್ಬಿ ಕಡೆಯ ತಾಯಿಯೊಬ್ಬರು ‘ಹಾರ್ಟಿಂದು ಅಂಥದ್ದೇನಿಲ್ಲ ಸಾ’ ಎಂದವರು, ಹೊರಡುವಾಗ ಬಾಗಿಲಲ್ಲಿ ನಿಂತು, ‘ನಮ್ಮಣ್ಣಂಗೆ ಗಾಳಿ ಸೋಕಿತ್ತು, ತ್ವಾಟದಾಗೆ ಕುಂತಿದ್ದಂಗೇ ಹೋಗ್ಬುಟ್ಟ, ಇನ್ನೂ ಮದ್ವೆ ಆಗಿರ್ಲಿಲ್ಲ’ ಎಂದರು. ಅಂಥ ಮನೆಯ ಹುಡುಗನಿಗೆ ಇಸಿಜಿ, ಎಕೊ ಎರಡೂ ಆಗಲೇಬೇಕು. ಈ ಕಾಯಿಲೆಯವರಲ್ಲಿ ಬಹುಪಾಲು ಮಂದಿಗೆ ಇಸಿಜಿ ಗೆರೆಯಲ್ಲೇ ವ್ಯತ್ಯಾಸ ಕಾಣುತ್ತದೆ. ಇಟಲಿಯಲ್ಲಿ 1982ರಿಂದ ಸ್ಪರ್ಧೆಗೆ ಇಳಿಯುವ ಆಟಗಾರರಿಗೆಲ್ಲ ಇಸಿಜಿ ಕಡ್ಡಾಯ. ನಮ್ಮಲ್ಲಿ ತಾಲ್ಲೂಕು ಮಟ್ಟಕ್ಕೆ ಹೋಗುವ ಹುಡುಗನಿಂದ ಕೇಳುವುದು ವಯಸ್ಸಿನ ದಾಖಲೆ ಮತ್ತು ಫೋಟೊ.

ತಪಾಸಣೆ ಎಂದರೆ ಮಗನ ಆಟ ನಿಲ್ಲಿಸಿಬಿಡುತ್ತಾರೆ ಎಂದು ಹೆದರುವ ಅಪ್ಪಂದಿರಿಗೆ ನಾನು ಅನ್ವರನ ಮುಂದಿನ ಕತೆ ಹೇಳುತ್ತೇನೆ. 2024ರಲ್ಲಿ ಅವನು ಮೋಹನ್ ಬಾಗಾನ್ ಬಿಟ್ಟು ಈಸ್ಟ್ ಬೆಂಗಾಲ್ ಸೇರಿದ್ದಕ್ಕೆ ದೊಡ್ಡ ರಂಪವಾಯಿತು. ಫೆಡರೇಷನ್ನಿನ ಸಮಿತಿ ಒಪ್ಪಂದ ಮುರಿದ ತಪ್ಪಿಗೆ ನಾಲ್ಕು ತಿಂಗಳ ನಿಷೇಧ ಹಾಕಿ, ಅವನೂ ಈಸ್ಟ್ ಬೆಂಗಾಲ್, ಡೆಲ್ಲಿ ಎಫ್‌ಸಿ ಕ್ಲಬ್ಬುಗಳೂ ಸೇರಿ ಮೋಹನ್ ಬಾಗಾನಿಗೆ 12.90 ಕೋಟಿ ರೂಪಾಯಿ ಕಟ್ಟಿಕೊಡಬೇಕು ಎಂದಿತು. ವ್ಯಾಜ್ಯ ಮತ್ತೆ ಅದೇ ದೆಹಲಿ ಹೈಕೋರ್ಟಿಗೆ ಹೋಯಿತು. ಈ ಸಲದ ಜಗಳ ದುಡ್ಡಿನದು; ಹೃದಯದ ಸುದ್ದಿಯನ್ನು ಯಾರೂ ಎತ್ತಲಿಲ್ಲ.