ಹಬ್ಬಕ್ಕೆ ಸೇರಬೇಕಾದ ಹೂ

ಹಾಸನ ತಾಲ್ಲೂಕಿನ ಸಾಲಗಾಮೆ ಹೋಬಳಿ ಇರುವುದು ಅರೆಮಲೆನಾಡಿನಲ್ಲಿ. ಪಶ್ಚಿಮಕ್ಕೆ ಸಕಲೇಶಪುರದ ಕಡೆ ಮಳೆ ಸುರಿಯುತ್ತದೆ, ಪೂರ್ವಕ್ಕೆ ಚನ್ನರಾಯಪಟ್ಟಣ, ಅರಸೀಕೆರೆಗಳ ಕಡೆ ಬಯಲುಸೀಮೆಯ ಬಿಸಿಲು ಕಾಯುತ್ತದೆ. ನಡುವಿನ ಈ ಕೆಮ್ಮಣ್ಣಿನಲ್ಲಿ ರಾಗಿ, ಜೋಳದ ಜತೆಗೆ ಆಲೂಗಡ್ಡೆಯೇ ಬಹುಕಾಲ ದುಡ್ಡಿನ ಬೆಳೆಯಾಗಿತ್ತು. ಅಂಗಮಾರಿ ರೋಗ ಆಲೂಗಡ್ಡೆಯ ಮೇಲಿನ ನಂಬಿಕೆ ಕೆಡಿಸಿದ ಮೇಲೆ, ಬೋರ್‌ವೆಲ್ ಇರುವ ಸಣ್ಣ ಹಿಡುವಳಿದಾರರಿಗೆ ಅರ್ಧ ಎಕರೆ, ಒಂದು ಎಕರೆಯಲ್ಲಿ ಸೇವಂತಿಗೆ, ಆಸ್ಟರ್, ಚೆಂಡು ಹೂ, ಸುಗಂಧರಾಜ ಬೆಳೆಯುವುದು ಒಂದು ದಾರಿಯಾಯಿತು. ಅರಕಲಗೂಡು, ಹೊಳೆನರಸೀಪುರಗಳಲ್ಲೂ ಇಂಥ ತುಂಡು ಹೂತೋಟಗಳಿವೆ.

ಹೂವಿನ ಬೇಸಾಯಕ್ಕೂ ಉಳಿದ ಬೇಸಾಯಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ರಾಗಿ ಹದಿನೈದು ದಿನ ತಡವಾಗಿ ಬಲಿತರೂ ಕಣಜಕ್ಕೆ ಸೇರುತ್ತದೆ. ಹೂ ಹಾಗಲ್ಲ. ಆಯುಧಪೂಜೆಯ ಹಿಂದಿನ ರಾತ್ರಿ ಮಂಡಿ ತಲುಪಬೇಕಾದ ಚೆಂಡು ಹೂ ಎರಡು ದಿನ ಬಿಟ್ಟು ಬಂದರೆ ಕೊಯ್ಲಿನ ಕೂಲಿಯೂ ಹುಟ್ಟುವುದಿಲ್ಲ. ಆದ್ದರಿಂದ ಬೆಳೆಗಾರ ಲೆಕ್ಕ ಹಾಕುವುದು ಹಬ್ಬದಿಂದ ಹಿಂದಕ್ಕೆ. ಚೆಂಡು ಹೂ ಸಸಿ ನೆಟ್ಟ ಎರಡು ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. ಆಸ್ಟರ್‌ಗೆ ಸುಮಾರು ಮೂರು ತಿಂಗಳು ಬೇಕು, ಸೇವಂತಿಗೆಗೆ ನಾಲ್ಕೈದು. ಸುಗಂಧರಾಜದ ಗೆಡ್ಡೆ ಮೂರು ತಿಂಗಳ ಮೇಲೆ ಮೊದಲ ಕಡ್ಡಿ ಬಿಟ್ಟು, ಆಮೇಲೆ ಎರಡು ಮೂರು ವರ್ಷ ಕೊಡುತ್ತಲೇ ಇರುತ್ತದೆ. ವರಮಹಾಲಕ್ಷ್ಮಿ, ಗೌರಿ–ಗಣೇಶ, ಆಯುಧಪೂಜೆ, ಹಾಸನಾಂಬೆಯ ದರ್ಶನ, ದೀಪಾವಳಿ ಬೇಡಿಕೆಯ ದಿನಗಳು. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಶುಭಕಾರ್ಯಗಳಿಲ್ಲದೆ ಮಂಡಿ ಸಪ್ಪಗಾಗುತ್ತದೆ.

ಹವಾಮಾನ ಕೈಕೊಟ್ಟ ವರ್ಷದಲ್ಲಿ ಈ ಲೆಕ್ಕ ಹೇಗೆ ತಪ್ಪುತ್ತದೆ ಎಂಬುದಕ್ಕೆ 2023 ಒಳ್ಳೆಯ ಉದಾಹರಣೆ. ಆ ವರ್ಷ ಅಧಿಕ ಶ್ರಾವಣ ಬಂದು ಹಬ್ಬಗಳೆಲ್ಲ ತಡವಾದವು. ವರಮಹಾಲಕ್ಷ್ಮಿ ವ್ರತ ಆಗಸ್ಟ್ 25ಕ್ಕೆ ಹೋಯಿತು, ದೀಪಾವಳಿ ನವೆಂಬರ್ ನಡುವಿಗೆ. ಪಂಚಾಂಗ ನೋಡಿ ನಾಟಿ ತಡಮಾಡಿದವರಿಗೆ ಅದರಿಂದ ತೊಂದರೆಯಾಗಲಿಲ್ಲ. ತೊಂದರೆ ಬಂದದ್ದು ಆಕಾಶದಿಂದ. 1901ರಿಂದ ಈಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಅದು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು, ಕೊನೆಗೆ ಆ ಸಂಖ್ಯೆ 223ಕ್ಕೆ ಏರಿತು. ಅಕ್ಟೋಬರ್‌ನಲ್ಲಿ ವಿದ್ಯುತ್ ಕೊರತೆಯಾಗಿ ಪಂಪ್‌ಸೆಟ್‌ಗಳ ತ್ರೀಫೇಸ್ ಕರೆಂಟನ್ನು ದಿನಕ್ಕೆ ಐದು ಗಂಟೆಗೆ ಇಳಿಸಲಾಯಿತು. ಸೇವಂತಿಗೆ ಮೊಗ್ಗು ಕಟ್ಟುವ ಹೊತ್ತು ಅದೇ.

ನೀರು ಸಾಲದಾದಾಗ ಎಲ್ಲ ಮಡಿಗೂ ಸ್ವಲ್ಪ ಸ್ವಲ್ಪ ಹಂಚಿದರೆ ಯಾವ ಮಡಿಯಲ್ಲೂ ಮಾರುವಂಥ ಹೂ ಸಿಗುವುದಿಲ್ಲ. ಯಾವುದನ್ನು ಬಿಡಬೇಕು ಎಂದು ನಿರ್ಧರಿಸುವುದೇ ಕಷ್ಟದ ವರ್ಷದ ದೊಡ್ಡ ಕೆಲಸ. ಸುಗಂಧರಾಜದ ಎಲೆ ಒಣಗಿದರೂ ಮಣ್ಣೊಳಗೆ ಗೆಡ್ಡೆ ಜೀವ ಹಿಡಿದಿರುತ್ತದೆ, ಮಳೆ ಬಿದ್ದ ಮೇಲೆ ಚಿಗುರುತ್ತದೆ. ಚೆಂಡು ಹೂವನ್ನು ಹೊಸದಾಗಿ ನೆಡಬಹುದು. ಮೊಗ್ಗು ಹಿಡಿದ ಸೇವಂತಿಗೆ ಮಾತ್ರ ಕಾಯುವುದಿಲ್ಲ; ಆಗ ನೀರು ತಪ್ಪಿದರೆ ಹೂ ಗುಂಡಿಯಷ್ಟಾಗಿ ನಿಲ್ಲುತ್ತದೆ. ಆದ್ದರಿಂದ ಇದ್ದ ನೀರು ಮೊದಲು ಹನಿ ನೀರಾವರಿಯಲ್ಲಿ ಸೇವಂತಿಗೆಗೆ ಹೋಗಬೇಕು, ಮಡಿಯ ಮೇಲೆ ಮಲ್ಚಿಂಗ್ ಶೀಟೋ ಒಣಹುಲ್ಲೋ ಇರಬೇಕು. ಬರದ ವರ್ಷ ಥ್ರಿಪ್ಸ್ ನುಸಿಯೂ ಕೆಂಪು ಜೇಡನುಸಿಯೂ ಹೆಚ್ಚುತ್ತವೆ. ದಳಗಳ ಮೇಲೆ ಬೆಳ್ಳಿ ಗೀರು ಬಿದ್ದ ಹೂವನ್ನು ಮಂಡಿಯವರು ದೂರದಿಂದಲೇ ಗುರುತಿಸುತ್ತಾರೆ.

ಸೇವಂತಿಗೆಗೆ ನೀರಿನಷ್ಟೇ ಮುಖ್ಯವಾದದ್ದು ಕತ್ತಲು. ಇದು ಹಗಲು ಕಿರಿದಾದಾಗ ಮೊಗ್ಗು ಕಟ್ಟುವ ಗಿಡ. ಹಾಸನ ಉತ್ತರ ಅಕ್ಷಾಂಶ 13 ಡಿಗ್ರಿಯ ಆಸುಪಾಸಿನಲ್ಲಿದೆ. ಜೂನ್‌ನ ಅತಿ ದೀರ್ಘ ಹಗಲೂ ಇಲ್ಲಿ 13 ಗಂಟೆ ಮುಟ್ಟುವುದಿಲ್ಲ. ಹಾಗಾಗಿ ಉದ್ದ ಕಾಂಡದ ಹೊಸ ತಳಿಗಳು ಗೇಣುದ್ದ ಇರುವಾಗಲೇ ಮೊಗ್ಗು ತೋರಿಸುತ್ತವೆ. ಗಿಡ ಎತ್ತರಕ್ಕೆ ಬೆಳೆಯಲೆಂದು ರಾಜ್ಯದ ಅನೇಕ ಕಡೆ ಹೊಲದ ಮೇಲೆ ಸಾಲಾಗಿ ಬಲ್ಬ್ ಕಟ್ಟಿ, ನಡುರಾತ್ರಿ ಕೆಲವು ಗಂಟೆ ಬೆಳಕು ಕೊಟ್ಟು ಇರುಳನ್ನು ಮುರಿಯುತ್ತಾರೆ. ನಾಲ್ಕೈದು ವಾರ ಹೀಗೆ ಮಾಡಿ ದೀಪ ಆರಿಸಿದರೆ ಮೊಗ್ಗು ಒಟ್ಟಿಗೆ ಬರುತ್ತದೆ. ದೀಪ ಆರಿಸುವ ದಿನವೇ ಹೂ ಅರಳುವ ದಿನವನ್ನು ತೀರ್ಮಾನಿಸುವುದರಿಂದ, ರಾತ್ರಿ ಕರೆಂಟ್ ಕೈಕೊಟ್ಟರೆ ಗಿಡ ತನ್ನಷ್ಟಕ್ಕೆ ಮೊಗ್ಗಾಗಿ, ಹೂ ಪಿತೃಪಕ್ಷದಲ್ಲಿ ಅರಳಿ ನಿಲ್ಲುವ ಅಪಾಯವಿದೆ.

ಮಳೆ ಹೆಚ್ಚಾದ ವರ್ಷದ ಕಷ್ಟ ಬೇರೆ ರೀತಿಯದು. ನೀರು ನಿಂತರೆ ಆಸ್ಟರ್ ಬುಡ ಕೊಳೆತು ಸಾಲು ಸಾಲಾಗಿ ಸೊರಗುತ್ತದೆ. ಒಂದು ಅಡಿ ಎತ್ತರದ ಏರುಮಡಿ, ನೀರು ಹರಿದುಹೋಗಲು ಕಾಲುವೆ, ಕೊಟ್ಟಿಗೆ ಗೊಬ್ಬರದ ಜತೆ ಟ್ರೈಕೋಡರ್ಮಾ ಎಂಬ ಜೈವಿಕ ಶಿಲೀಂಧ್ರ, ಇವೆಲ್ಲ ನಾಟಿಗೆ ಮೊದಲೇ ಆಗಬೇಕಾದ ಕೆಲಸಗಳು. ಮೋಡ ಕವಿದ ಮೇಲೆ ಸಿಂಪಡಿಸುವ ಔಷಧಿ ಬಹುಪಾಲು ವ್ಯರ್ಥ. ಚೆಂಡು ಹೂವಿಗೆ ಎಲೆಚುಕ್ಕೆ, ಸೇವಂತಿಗೆಗೆ ತುಕ್ಕು ರೋಗ, ಅರಳಿದ ಹೂವಿಗೆ ಬೂದುಬಣ್ಣದ ಬೂಷ್ಟು ಬರುವುದು ಇಂಥ ಹವೆಯಲ್ಲೇ. ಬಾಡಿದ ಹೂಗಳನ್ನು ದಿನವೂ ಕಿತ್ತು ಹೊಲದಿಂದ ಹೊರಗೆ ಹಾಕುವುದು ಅಗ್ಗದ ಮದ್ದು, ಕೂಲಿಯ ಖರ್ಚು ಉಳಿಸಲೆಂದು ಮೊದಲು ಕೈಬಿಡುವುದೂ ಅದನ್ನೇ.

ಕೊಯ್ಲಿನಲ್ಲಿ ತಪ್ಪಿದರೆ ಅಲ್ಲಿಯವರೆಗಿನ ದುಡಿಮೆಯೆಲ್ಲ ನೀರಿಗೆ ಹೋಗುತ್ತದೆ. ಹಾರಕ್ಕೆ ಬಿಡಿಯಾಗಿ ಹೋಗುವ ಸುಗಂಧರಾಜವನ್ನು ಮೊಗ್ಗು ಅರಳುವ ಮೊದಲೇ, ಬೆಳಗಿನ ತಂಪಿನಲ್ಲಿ ಬಿಡಿಸಬೇಕು. ಅಲಂಕಾರಕ್ಕೆ ಕಡ್ಡಿಯಾಗಿ ಹೋಗುವುದಾದರೆ ಕೆಳಗಿನ ಒಂದೆರಡು ಹೂ ಬಾಯಿ ಬಿಟ್ಟಾಗ ಬುಡದಲ್ಲಿ ಕತ್ತರಿಸಿ, ತಕ್ಷಣ ನೀರಿನ ಬಕೆಟ್‌ಗೆ ಇಳಿಸಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ಬಿಡಿ ಹೂವಿಗೆ ಒಂಟಿ ಸುತ್ತಿನ ಪ್ರಜ್ವಲ್, ಕಡ್ಡಿಗೆ ಸುತ್ತುದಳದ ಸುವಾಸಿನಿ ಹೊಂದುತ್ತವೆ. ಜಂತುಹುಳು ಬೇರುಗಂಟು ಮಾಡುವ ಹೊಲದಲ್ಲಿ ಶೃಂಗಾರ್ ತಾಳಿಕೊಳ್ಳುತ್ತದೆ. ಒದ್ದೆ ಸೇವಂತಿಗೆಯನ್ನು ಚೀಲಕ್ಕೆ ತುಂಬಲೇಬಾರದು. ನೆರಳಲ್ಲಿ ಹರಡಿ ಆರಿಸದಿದ್ದರೆ, ಒಂದೇ ರಾತ್ರಿಯ ಪ್ರಯಾಣದಲ್ಲಿ ಚೀಲ ಬಿಸಿಯೇರಿ ದಳ ಕಂದುತ್ತದೆ.

ಹಾಸನದ ಹೂ ಹೊರಗೆ ಹೋಗುವುದು ರಾಷ್ಟ್ರೀಯ ಹೆದ್ದಾರಿ 75ರ ಎರಡೂ ದಿಕ್ಕಿಗೆ. ಪೂರ್ವಕ್ಕೆ ಚನ್ನರಾಯಪಟ್ಟಣದ ಮೇಲೆ ಬೆಂಗಳೂರಿನ ಕೆ.ಆರ್. ಮಾರುಕಟ್ಟೆ, ಪಶ್ಚಿಮಕ್ಕೆ ಶಿರಾಡಿ ಘಾಟಿ ಇಳಿದು ಮಂಗಳೂರು, ಉಡುಪಿ. ಚೌತಿ, ದೀಪಾವಳಿಗಳಲ್ಲಿ ಕರಾವಳಿಯ ಬೀದಿಬದಿಯಲ್ಲಿ ಸೇವಂತಿಗೆ ರಾಶಿ ಹಾಕಿ ಮಾರುವವರಲ್ಲಿ ಹಾಸನದ ಕಡೆಯವರು ಬಹಳ ಮಂದಿ. 2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲೆ ಬಳಿ ಗುಡ್ಡ ಕುಸಿದು ಶಿರಾಡಿ ರಸ್ತೆ ಮುಚ್ಚಿತು, ಎಡಕುಮರಿ ಕಡೆ ರೈಲು ಹಳಿಯ ಕೆಳಗಿನ ಮಣ್ಣೂ ಜಾರಿತು. ಇಂಥ ಹೊತ್ತಿನಲ್ಲಿ ಒಂದೇ ಮಾರುಕಟ್ಟೆ ನಂಬಿದವನಿಗೆ ಉಳಿಗಾಲವಿಲ್ಲ.

ಸರ್ಕಾರದ ನೆರವು ಸಿಕ್ಕರೂ ಅದು ಖರ್ಚಿಗೆ ಸಾಟಿಯಾಗುವುದಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಹೂವನ್ನು ಹೊಲದಲ್ಲೇ ಉಳುವ ಸ್ಥಿತಿ ಬಂದಾಗ ರಾಜ್ಯ ಸರ್ಕಾರ ಹೆಕ್ಟೇರಿಗೆ 25,000 ರೂಪಾಯಿ ಘೋಷಿಸಿತು, 2021ರಲ್ಲಿ 10,000. ಬರ ಪರಿಹಾರದ 2022–26ರ ಅವಧಿಯ ಕೇಂದ್ರ ಮಾನದಂಡದಂತೆ ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000 ರೂಪಾಯಿ, ಅದೂ ಶೇ 33ಕ್ಕಿಂತ ಕಡಿಮೆಯಿಲ್ಲದ ಬೆಳೆನಷ್ಟಕ್ಕೆ. ಗಿಡ ಹಸಿರಾಗಿದ್ದು ಹೂ ಹಬ್ಬ ತಪ್ಪಿಸಿಕೊಂಡರೆ ಆದ ನಷ್ಟ ಈ ಅಳತೆಗೆ ಸಿಗುವುದೇ ಇಲ್ಲ. ಇದು ನಿಜಕ್ಕೂ ಅನ್ಯಾಯ.

ಕೊಯ್ಲು ಮುಗಿದ ಸೇವಂತಿಗೆ ಗಿಡವನ್ನು ಕಿತ್ತು ಬಿಸಾಡುವಂತಿಲ್ಲ. ನೆಲಮಟ್ಟಕ್ಕೆ ಕತ್ತರಿಸಿದ ಬುಡದಿಂದ ಎದ್ದ ಕಂದುಗಳೇ ಮುಂದಿನ ನಾಟಿಯ ಸಸಿ. ರೋಗ ತಗಲದ ತಾಯಿಗಿಡಗಳನ್ನು ಆರಿಸಿ ಒಂದು ಚಿಕ್ಕ ಮಡಿಯಲ್ಲಿ ನೆರಳುಬಲೆಯ ಕೆಳಗೆ ಬೇಸಿಗೆ ದಾಟಿಸಬೇಕು. ಬೋರ್‌ವೆಲ್ ಕ್ಷೀಣಿಸಿದ ವರ್ಷ ಹೊಲವೆಲ್ಲ ಖಾಲಿ ಬಿಟ್ಟವರೂ ಈ ಮಡಿಗೆ ಬಿಂದಿಗೆಯಲ್ಲಾದರೂ ನೀರು ಹಾಕುತ್ತಾರೆ. ಮುಂಗಾರು ಬಂದಾಗ ಅಲ್ಲಿಂದಲೇ ಕಂದು ಬಿಡಿಸಿ, ಬುಡವನ್ನು ಶಿಲೀಂಧ್ರನಾಶಕದ ದ್ರಾವಣದಲ್ಲಿ ಅದ್ದಿ, ಹಿಂದಿನ ಸಲ ಸೇವಂತಿಗೆ ಇರದಿದ್ದ ಮಡಿಗೆ ನೆಡುತ್ತಾರೆ.