ಅರ್ಧಚ್ಛೇದ, ವರ್ಗಮೂಲ ಪರಂಪರೆ ಮತ್ತು ಪಾಠಶೋಧನೆ

ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಧವಳಾ ಟೀಕೆಯು ಕ್ರಿ. ಶ. 816ರಲ್ಲಿ ಸಮಾಪ್ತವಾಯಿತೆಂಬುದು ಬಹುಜನಸಮ್ಮತವಾದ ಅಭಿಪ್ರಾಯ. ಮೂಡಬಿದರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಳೆಯೋಲೆಗಳಲ್ಲಿ ಉಳಿದು ಬಂದ ಈ ಗ್ರಂಥವು ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ ಮುದ್ರಣವನ್ನು ಕಂಡಿತು. ಕರ್ಮಸಿದ್ಧಾಂತದ ಆಕರವೆಂದು ಇದನ್ನು ಓದುವವರು ಹಲವರು. ಇದರಲ್ಲಿ ಹುದುಗಿರುವ ಗಣಿತದ ಕಡೆಗೆ ದೃಷ್ಟಿ ಹಾಯಿಸಿದವರು ಕೆಲವರೇ. ಆ ಗಣಿತವು ಹಸ್ತಪ್ರತಿಶೋಧಕನಿಗೂ ಒದಗಬಲ್ಲುದೆಂಬುದು ಇಲ್ಲಿನ ವಿಷಯ.

ಒಂದು ರಾಶಿಯನ್ನು ಎಷ್ಟು ಸಾರಿ ಅರ್ಧಿಸಿದರೆ ಒಂದು ಉಳಿಯುವುದೋ ಆ ಎಣಿಕೆಯೇ ಅದರ ಅರ್ಧಚ್ಛೇದ. 16ರ ಅರ್ಧಚ್ಛೇದ 4, 256ರದು 8. ಇಂದಿನ ಪರಿಭಾಷೆಯಲ್ಲಿ ಇದು ಎರಡನ್ನು ಆಧಾರವಾಗುಳ್ಳ ಲಾಗರಿದಮ್. ಅರ್ಧಚ್ಛೇದದ ಅರ್ಧಚ್ಛೇದವೇ ವರ್ಗಶಲಾಕೆ, ಎಂದರೆ ಎರಡನ್ನು ಎಷ್ಟು ಸಾರಿ ವರ್ಗಿಸಿದರೆ ಆ ರಾಶಿ ದೊರೆಯುವುದೆಂಬ ಎಣಿಕೆ. ಮೂರರಿಂದ ಭಾಗಿಸುವ ತ್ರಿಕಚ್ಛೇದ, ನಾಲ್ಕರಿಂದ ಭಾಗಿಸುವ ಚತುರ್ಥಚ್ಛೇದಗಳೂ ಧವಳೆಯಲ್ಲಿ ಬರುತ್ತವೆ. ಗುಣಲಬ್ಧದ ಅರ್ಧಚ್ಛೇದವು ಗುಣಕಗಳ ಅರ್ಧಚ್ಛೇದಗಳ ಮೊತ್ತವೆಂಬ ನಿಯಮವನ್ನು ಆಚಾರ್ಯರು ಧಾರಾಳವಾಗಿ ಬಳಸಿದ್ದಾರೆ. ಯೂರೋಪಿನಲ್ಲಿ ನೇಪಿಯರನ ಲಾಗರಿದಮ್ ಕೋಷ್ಟಕಗಳು ಪ್ರಕಟವಾದುದು 1614ರಲ್ಲಿ. ಆದರೆ ಧವಳೆಯಲ್ಲಿ ಕೋಷ್ಟಕವಿಲ್ಲ. ಎರಡರ ಘಾತವಲ್ಲದ ರಾಶಿಗಳಿಗೆ ಈ ಉಪಾಯವು ಸುಲಭವಾಗಿ ಒಗ್ಗುವುದೂ ಇಲ್ಲ. ಸಾಮ್ಯವನ್ನು ಅತಿಯಾಗಿ ಹಿಗ್ಗಿಸುವುದು ತರವಲ್ಲ.

ರಾಶಿಯನ್ನು ಅದೇ ರಾಶಿಯ ಘಾತಕ್ಕೇರಿಸುವುದು ವರ್ಗಿತ-ಸಂವರ್ಗಿತ. ಎರಡರಿಂದ ತೊಡಗಿದರೆ ಮೊದಲು 4, ಬಳಿಕ 256. ಮೂರನೆಯದು 256ರ 256ನೆಯ ಘಾತ, 617 ಅಂಕಿಗಳ ಸಂಖ್ಯೆ. ಇದನ್ನು ಬರೆದು ತೋರಿಸುವುದು ವ್ಯರ್ಥಶ್ರಮ. ಆದರೆ ಇದರ ಅರ್ಧಚ್ಛೇದ 2048, ವರ್ಗಶಲಾಕೆ ಕೇವಲ 11. ಯಾವ ರಾಶಿಯ ವರ್ಗಿತ-ಸಂವರ್ಗಿತವು 256 ಎಂದು ಹಿಮ್ಮುಖವಾಗಿ ಕೇಳಿದರೂ ಉತ್ತರ ಕಷ್ಟವಲ್ಲ. ರಾಶಿಯನ್ನು ಅದರ ಅರ್ಧಚ್ಛೇದದಿಂದ ಗುಣಿಸಿದರೆ 8 ಬರಬೇಕು, ನಾಲ್ಕೆರಡಲ ಎಂಟು, ಆದುದರಿಂದ ರಾಶಿ 4.

ವರ್ಗಮೂಲ ತೆಗೆದಂತೆಲ್ಲ ಅರ್ಧಚ್ಛೇದವು ಅರ್ಧವಾಗುತ್ತದೆ. ಮೂಲದೊಳಗೆ ಮೂಲವು ಕೊನೆಯಿಲ್ಲದೆ ಅಡಗಿರುವ ಇಂದಿನ ಸಮೀಕರಣಗಳಿಗೂ ಇದೇ ಕೀಲಿಕೈ. √(2√(2√(2…))) ಎಂಬುದರ ಅರ್ಧಚ್ಛೇದವು ½ + ¼ + ⅛ + … ಎಂದಾಗಿ ಮೊತ್ತ 1 ಆಗುತ್ತದೆ, ಬೆಲೆ 2. ಒಳಗೆ ಗುಣಾಕಾರದ ಬದಲು ಸಂಕಲನವಿದ್ದರೆ, ಅಂದರೆ √(2+√(2+…)) ಎಂದಿದ್ದರೆ, ಅರ್ಧಚ್ಛೇದ ನೆರವಾಗದು, ಮೊತ್ತದ ಅರ್ಧಚ್ಛೇದಕ್ಕೆ ಅಂಥ ನಿಯಮವಿಲ್ಲವಾದುದರಿಂದ. ಆಗ ಇಡೀ ಬೆಲೆಯನ್ನು ಯ ಎಂದಿಟ್ಟರೆ ಒಳಗಿನ ಮೂಲವೂ ಯ ಆಗುವುದರಿಂದ ಯ² = ಯ + 2. ಇದರ ಉತ್ತರಗಳು 2 ಮತ್ತು -1. ಮೂಲವು ಋಣವಾಗಲಾರದು, ಉಳಿದದ್ದು 2.

ಇನ್ನು ಹಸ್ತಪ್ರತಿಯ ವಿಚಾರ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಸಂಪ್ರದಾಯದಲ್ಲಿ ಎರಡರ ವರ್ಗಧಾರೆಯ ಪದಗಳಿಗೆ ಹೆಸರುಗಳುಂಟು: 65536 ಪಣ್ಣಟ್ಠಿ, ಅದರ ವರ್ಗ ಬಾದಾಲ, ಅದರ ವರ್ಗ ಏಕಟ್ಠಿ. ಬಾದಾಲವನ್ನು ಏಕಟ್ಠಿಯಿಂದ ಗುಣಿಸಿದರೆ ಪರ್ಯಾಪ್ತ ಮನುಷ್ಯರ ಸಂಖ್ಯೆ; ಅದರ ಅರ್ಧಚ್ಛೇದ 32 + 64 = 96. ಅಂಕಿಗಳಲ್ಲಿ ಅದು 79228162514264337593543950336. ಗೊಮ್ಮಟಸಾರದ ಜೀವಕಾಂಡವು ಈ 29 ಅಂಕಿಗಳನ್ನು ಒಂದು ಪ್ರಾಕೃತ ಗಾಥೆಯಲ್ಲಿ ಕಟಪಯಾದಿ ಕ್ರಮದ ಅಕ್ಷರಗಳಿಂದ ಹೇಳುತ್ತದೆ. ಅಂಕಿಗಳು ವಾಮಗತಿಯವು: ಮೊದಲ ಅಕ್ಷರವಾದ ತಕಾರವು ಏಕಸ್ಥಾನದ 6.

ಅಕ್ಷರವೊಂದು ತಪ್ಪಿದರೆ ಸಂಖ್ಯೆಯೇ ಕೆಟ್ಟಿತು. ಗಾಥೆಯ ನಾಲ್ಕನೆಯ ಅಕ್ಷರ ನಕಾರ, ಬೆಲೆ ಸೊನ್ನೆ. ಪ್ರಾಕೃತದಲ್ಲಿ ನಕಾರಕ್ಕೆ ಣಕಾರ ಬರುವುದು ವಾಡಿಕೆಯಾದುದರಿಂದ, ವ್ಯಾಕರಣ ಬಲ್ಲ ಲಿಪಿಕಾರನು ಅದನ್ನು 'ತಿದ್ದಿ'ದರೆ ಸಾವಿರದ ಸ್ಥಾನದ ಸೊನ್ನೆಯು 5 ಆಗುತ್ತದೆ. ಅರಿಯದವನ ತಪ್ಪಿಗಿಂತ ಅರಿತವನ ತಿದ್ದುಪಡಿ ಹೆಚ್ಚು ಅಪಾಯಕರ, ಏಕೆಂದರೆ ಅದು ಓದುವವನ ಕಣ್ಣಿಗೆ ತಪ್ಪಾಗಿ ಕಾಣಿಸುವುದಿಲ್ಲ. ಆದರೆ ಅರ್ಧಿಸುತ್ತ ಹೋದರೆ ಗುಟ್ಟು ಬಯಲಾಗುತ್ತದೆ. ಶುದ್ಧಪಾಠದ ಸಂಖ್ಯೆಯು 96 ಸಾರಿ ನಿಶ್ಶೇಷವಾಗಿ ಅರ್ಧವಾಗುತ್ತದೆ. 55336ರಿಂದ ಕೊನೆಗೊಳ್ಳುವ ಕೆಟ್ಟ ಸಂಖ್ಯೆಯು ಮೂರೇ ಸಾರಿ ಅರ್ಧವಾಗಿ ಬೆಸಸಂಖ್ಯೆಯಲ್ಲಿ ನಿಲ್ಲುತ್ತದೆ. ಆ ಮೂರು ಎಂಬುದೇ ದೋಷದ ಸ್ಥಾನ: ಬಲದಿಂದ ಮೂರು ಅಂಕಿಗಳನ್ನು ಬಿಟ್ಟು ಮುಂದಿನದು.

ಇದು ಆಕಸ್ಮಿಕವಲ್ಲ. ಸಾವಿರವು ಎರಡರಿಂದ ಮೂರೇ ಸಾರಿ ಭಾಗವಾಗುತ್ತದೆ, ಹತ್ತು ಕೋಟಿಯು ಎಂಟೇ ಸಾರಿ. ಒಂಬತ್ತನೆಯ ಅಕ್ಷರವಾದ ಮಕಾರವನ್ನು ಅದನ್ನೇ ಹೋಲುವ ವಕಾರವೆಂದು ಓದಿದರೆ ಹತ್ತು ಕೋಟಿಯ ಸ್ಥಾನದ 5 ಹೋಗಿ 4 ಆಗುತ್ತದೆ. ಅರ್ಧಿಸುವಿಕೆ ಎಂಟಕ್ಕೆ ನಿಲ್ಲುತ್ತದೆ. ತಪ್ಪಿನಿಂದಾದ ವ್ಯತ್ಯಾಸವು ಬೆಸವಾಗಿರಬೇಕೆಂಬುದೊಂದೇ ನಿಬಂಧನೆ. ಸಮವಾಗಿದ್ದರೆ ನಿಲುಗಡೆಯು ಮುಂದೆ ಸರಿಯುತ್ತದೆ, ಆದರೂ ದೋಷವಿದೆಯೆಂಬುದು ತಿಳಿದೇ ತಿಳಿಯುತ್ತದೆ. ಎರಡು ಅಕ್ಷರಗಳು ಹೀಗೆ ಕೆಟ್ಟಿದ್ದರೆ ಮೊದಲು ಬಲಗಡೆಯದು ಸಿಕ್ಕುತ್ತದೆ. ಅದನ್ನು ಸರಿಪಡಿಸಿ ಮತ್ತೆ ಅರ್ಧಿಸಿದರೆ ಇನ್ನೊಂದು.