ಮೈಲುತುತ್ತದ ನೀಲಿ, ರಾಳದ ಅಂಟು

ಹೋದ ಮಳೆಗಾಲದಲ್ಲಿ ಹುಳಿಯಾರಿನ ನಮ್ಮ ತೋಟದ ಎಳೆ ತೆಂಗೊಂದರ ಸುಳಿ ಬಾಡಿತು. ಹಿಡಿದೆಳೆದರೆ ಕೈಗೇ ಬಂತು, ಬುಡದಲ್ಲಿ ಕೊಳೆತ ನಾತ. ಸುಳಿಕೊಳೆ ರೋಗ. ಕೊಳೆತದ್ದನ್ನು ಕೆತ್ತಿ ತೆಗೆದು, ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ ಕಲೆಸಿದ ಬೋರ್ಡೋ ಮುಲಾಮು ಬಳಿದು, ಮಳೆ ಇಳಿಯದಂತೆ ಮುಚ್ಚಿದೆವು. ಸುತ್ತಲಿನ ಮರಗಳಿಗೆ ಶೇ 1ರ ಬೋರ್ಡೋ ದ್ರಾವಣ.

ಈ ನೀಲಿ ನೀರು ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ಸೀಮೆಯಲ್ಲಿ. ದಾರಿಹೋಕರು ಹಣ್ಣು ಕೀಳದಿರಲೆಂದು ರೈತರು ಬದಿಯ ಬಳ್ಳಿಗಳಿಗೆ ಸುಣ್ಣ, ಮೈಲುತುತ್ತ ಎರಚುತ್ತಿದ್ದರು. ಬೂಜುರೋಗ ಬಂದಾಗಲೂ ಆ ಬಳ್ಳಿಗಳ ಎಲೆ ಉಳಿದದ್ದನ್ನು 1882ರಲ್ಲಿ ಪಿಯರ್ ಮಿಲಾರ್ಡೆ ಗಮನಿಸಿದರು. 1885ರಲ್ಲಿ ಲೋಕಕ್ಕೆ ತಿಳಿಸಿದರು.

ನಮ್ಮ ನಾಡಿನಲ್ಲಿ ಅದಕ್ಕೆ ನೆಲೆ ಕೊಟ್ಟವರು ಲೆಸ್ಲಿ ಕೋಲ್ಮನ್. ಕೆನಡಾದ ಈ ವಿಜ್ಞಾನಿ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿ, ಮಲೆನಾಡಿನ ಅಡಿಕೆ ಕೊಳೆರೋಗದ ಬೆನ್ನು ಹತ್ತಿದರು. 1910ರ ಅವರ ವರದಿ ರೋಗದ ಮೂಲ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಎಂದಿತು. ನಮ್ಮ ತೆಂಗಿನ ಸುಳಿ ಕೊಳೆಸುವುದೂ ಅದೇ ಕುಲದ್ದು. ಬೋರ್ಡೋ ಸಿಂಪರಣೆ ಬರುವವರೆಗೆ ಅಡಿಕೆ ಬೆಳೆಗಾರರು ಗೊನೆಗೊಂದು ಹುಲ್ಲಿನ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ಒಂದೊಂದು ಮರಕ್ಕೂ ಹತ್ತಿ ಕಟ್ಟುವ ಆ ದುಡಿಮೆಯನ್ನು ನೆನೆದರೆ ಕೋಲ್ಮನ್ನರಿಗೆ ಕೈಮುಗಿಯಬೇಕೆನಿಸುತ್ತದೆ.

ಆದರೆ ಔಷಧಿಗಿಂತ ಅಂಟಿನ ಕಥೆ ನನಗೆ ದೊಡ್ಡದು. ಮೈಲುತುತ್ತದ ತಾಮ್ರ ಒಳಗಿಳಿದು ರೋಗ ವಾಸಿಮಾಡುವುದಿಲ್ಲ, ಹೊರಗೆ ನಿಂತು ಕಾಯುತ್ತದೆ ಅಷ್ಟೇ. ಮಳೆಗೆ ಮೊದಲೇ ಅಲ್ಲಿರಬೇಕು, ಮಳೆ ಬಂದರೂ ಉಳಿಯಬೇಕು. ಅಡಿಕೆಯ ನುಣುಪು ಕಾಯಿಯ ಮೇಲೆ ನೀರು ಹನಿಯಾಗಿ ಜಾರಿಬಿಡುತ್ತದೆ. ಅದಕ್ಕೇ ರಾಳವನ್ನು ಸೋಡಾ ಜೊತೆ ಕುದಿಸಿ ದ್ರಾವಣಕ್ಕೆ ಬೆರೆಸುವ ರೂಢಿ ಬಂತು. ಇವತ್ತು ಮಲೆನಾಡಿನ ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಪ್ರೊಪಿಕೊನಜೋಲ್ ಎಂಬ ಔಷಧಿ ಹೊಡೆಯುವವರೂ ಅಂಟು ಬೆರೆಸದೆ ಮರ ಹತ್ತುವುದಿಲ್ಲ.

ನಮ್ಮ ತೋಟದಲ್ಲಿ ಅಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ದ್ರಾವಣ ಸಿದ್ಧವಾದಾಗ ಮರ ಹತ್ತುವವನು ಕುಡುಗೋಲನ್ನು ಅದ್ದಿದ. ಅಲಗಿಗೆ ಕೆಂಪು ಹತ್ತಿತು. ತುತ್ತ ಹೆಚ್ಚಾಗಿದೆ, ಗರಿ ಸುಡುತ್ತದೆ. "ಇನ್ನೊಂದಿಷ್ಟು ಸುಣ್ಣ ಹಾಕಣ್ಣ" ಅಂದ. ಹಾಕಿ ಕಲಕಿ, ಅಲಗು ಉಜ್ಜಿ ಮತ್ತೆ ಅದ್ದಿದರೆ ಬಣ್ಣ ಬದಲಾಗಲಿಲ್ಲ. ಅಂಗಡಿಯ ಅಂಟು ಬೆರೆಸಿ ಹೊಡೆದೆವು. ರಾತ್ರಿಯಿಡೀ ಮಳೆ. ಬೆಳಗ್ಗೆ ನೋಡಿದರೆ, ಗರಿಗಳ ಮೇಲೆ ತೆಳುನೀಲಿ ಕಲೆ ಹಾಗೇ ಕೂತಿತ್ತು.